ಗಂಟೆಯ ದಾರಿ ಯಾರಿಗೆ?

ಮಂಗಳೂರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ. ಶಿರಾಡಿ ಘಾಟಿಯ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರು, ಬಸ್ಸಿಗೆ ಏಳೆಂಟು ಗಂಟೆ. 1951ರಲ್ಲಿ ಪ್ರಧಾನಿ ನೆಹರೂ ವಿಮಾನದಲ್ಲಿ ಬಂದಿಳಿದು ಬಜ್ಪೆ ನಿಲ್ದಾಣ ಆರಂಭವಾಯಿತು. ಅಂದಿನಿಂದ ದೂರ ಕುಗ್ಗಿತೆಂಬ ಮಾತು ಕೇಳುತ್ತಲೇ ಇದ್ದೇವೆ. ಕುಗ್ಗಿದ್ದು ಯಾರಿಗೆ?

ಕೊಕ್ಕಡದಲ್ಲಿ ಬೀಡಿ ಕಟ್ಟುವ ಹೆಂಗಸಿಗಂತೂ ಅಲ್ಲ. ಬಜ್ಪೆಗೆ ಹೋಗಲು ಆಕೆ ಬೆಂಗಳೂರಿಗೆ ಬೆನ್ನು ಹಾಕಿ ಪಡುವಣಕ್ಕೆ ಪ್ರಯಾಣ ಮಾಡಬೇಕು. ಟಿಕೇಟಿನ ಹಣವಂತೂ ದೂರದ ಮಾತು. ಆಕೆಯ ದಾರಿ ಘಾಟಿಯೇ. ಆ ಘಾಟಿಯೂ 2018ರ, 2024ರ ಮಳೆಗೆ ಕುಸಿದು ಸಂಚಾರ ನಿಂತಿತು.

ಆಕಾಶಮಾರ್ಗ ಕೊಕ್ಕಡಕ್ಕೆ ಹೊಸದೇನಲ್ಲ. ಸರಕಾರಿ ಗೇರುತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಲು ಹಿಂದೆ ಹೆಲಿಕಾಪ್ಟರು ಬರುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. ಪೀಡಿತರ ಮನೆಗಳಲ್ಲಿ ಸಂಕಟ ಇನ್ನೂ ಮುಗಿದಿಲ್ಲ. ವಿಷ ಆಕಾಶದಿಂದ ಬಂತು. ಮದ್ದಿಗೆ ಮಾತ್ರ ಜನ ರಸ್ತೆಯಲ್ಲಿ ಬಸ್ಸು ಕಾಯಬೇಕು!

ವಿಮಾನ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ದೂರವನ್ನು ಬಡವನ ಗಡಿಯಾರದಲ್ಲಿ ಅಳೆಯಿರಿ ಎನ್ನುತ್ತೇವೆ. ಮಳೆಗಾಲದಲ್ಲೂ ಮುಚ್ಚದ ಘಾಟಿ, ಹೊತ್ತಿಗೆ ಬರುವ ಬಸ್ಸು, ಊರಿನಲ್ಲೇ ಸಿಗುವ ವೈದ್ಯ: ಮೊದಲು ಇವು ಬರಲಿ. ಇವು ಭಿಕ್ಷೆಯಲ್ಲ, ಜನರ ಹಕ್ಕು.