ಕಾಲ ತೂರಿದ್ದೆಲ್ಲ ಜೊಳ್ಳೇ?

ಒಳ್ಳೆಯ ಕೃತಿ ಹೇಗಾದರೂ ಉಳಿಯುತ್ತದೆ, ಜೊಳ್ಳನ್ನು ಕಾಲವೇ ತೂರಿಬಿಡುತ್ತದೆ ಎನ್ನುವವರಿದ್ದಾರೆ. ಅಮೆರಿಕದ ನಿರ್ದೇಶಕ ಬಿಲ್ ಗನ್ 1973ರಲ್ಲಿ ಮಾಡಿದ ‘ಗಾಂಜಾ ಅಂಡ್ ಹೆಸ್’ ಚಿತ್ರ ನೋಡಿದ ಮೇಲೆ ನನಗಂತೂ ಇದು ಸೋಮಾರಿಗಳ ಸಮಾಧಾನ ಎನಿಸಿದೆ.

ಅದರ ಹಿಂದಿನ ವರ್ಷ ಅಮೆರಿಕದಲ್ಲಿ ‘ಬ್ಲಾಕ್ಯುಲ’ ಚೆನ್ನಾಗಿ ಓಡಿತ್ತು. ಕಪ್ಪು ಪ್ರೇಕ್ಷಕರಿಗೆ ಅಂಥದ್ದೇ ಇನ್ನೊಂದು ರಕ್ತಪಿಶಾಚಿ ಚಿತ್ರ ಬೇಕೆಂದು ನಿರ್ಮಾಪಕರು ಗನ್ ಕೈಗೆ ಹಣ ಕೊಟ್ಟರು. ಗನ್ ತೆಗೆದದ್ದೇ ಬೇರೆ. ಇಲ್ಲಿ ಕೋರೆಹಲ್ಲಿಲ್ಲ. ಪುರಾತನ ಕಠಾರಿಯಿಂದ ಇರಿತಕ್ಕೊಳಗಾದ ಶ್ರೀಮಂತ ಮಾನವಶಾಸ್ತ್ರಜ್ಞ ಹೆಸ್‌ಗೆ ರಕ್ತ ಒಂದು ಚಟವಾಗುತ್ತದೆ. ಅದಕ್ಕೂ ಮೊದಲಿನ ಒಂದು ದೃಶ್ಯ ನೋಡಿ: ಮನೆಗೆ ಬಂದಿಳಿದ ಸಹಾಯಕ ನೇಣಿನ ಕುಣಿಕೆಯೊಂದಿಗೆ ಮರವೇರಿ ಕೂತಿದ್ದಾನೆ (ಈ ಪಾತ್ರ ಸ್ವತಃ ಗನ್ ಅವರದು). ಕೆಳಗಿನಿಂದ ಹೆಸ್ ವಿವರಿಸುತ್ತಾನೆ: ಈ ಆಸುಪಾಸಿನಲ್ಲಿರುವ ಕಪ್ಪು ಮನುಷ್ಯ ತಾನೊಬ್ಬನೇ, ಇಲ್ಲಿ ಹೆಣ ಬಿದ್ದರೆ ಪೊಲೀಸರು ಹಿಡಿಯುವುದು ತನ್ನನ್ನೇ. ಅಷ್ಟು ಆಸ್ತಿಯಿದ್ದವನಿಗೂ ಈ ಅಂಜಿಕೆ! ಚಿತ್ರದ ನಿಜವಾದ ಭಯ ಇರುವುದು ಇಲ್ಲಿ. ಹಾಗೆಂದು ದೋಷವಿಲ್ಲವೆಂದಲ್ಲ, ಅಲ್ಲಲ್ಲಿ ಎಳೆದಾಡುತ್ತದೆ, ಕಥೆಯ ಜಾಡು ತಪ್ಪುತ್ತದೆ.

ಕಾನ್ ಉತ್ಸವದ ವಿಮರ್ಶಕರ ಸಪ್ತಾಹದಲ್ಲಿ ತೋರಿಸಿದ ಮೇಲೂ ನಿರ್ಮಾಪಕರಿಗೆ ಅದು ರುಚಿಸಲಿಲ್ಲ. ಚಿತ್ರ ಬೇರೆಯವರ ಕತ್ತರಿಗೆ ಸಿಕ್ಕಿ, ಕುಗ್ಗಿ, ‘ಬ್ಲಡ್ ಕಪಲ್’ ಎಂಬ ಹೆಸರಿನಲ್ಲಿ ಓಡಾಡಿತು. ಗನ್ 1989ರಲ್ಲಿ ತೀರಿಕೊಂಡರು. ಇವತ್ತು ನಾವು ಮೂಲ ರೂಪವನ್ನು ನೋಡಲು ಸಾಧ್ಯವಾಗಿರುವುದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಉಳಿದಿದ್ದ ಪ್ರತಿಯಿಂದ. 2014ರಲ್ಲಿ ನಿರ್ದೇಶಕ ಸ್ಪೈಕ್ ಲೀ ಇದನ್ನು ಮತ್ತೆ ಚಿತ್ರಿಸಿದರು.

ಹಾಗಾದರೆ ಇದನ್ನು ಮೂಲೆಗೆ ತಳ್ಳಿದ ‘ಕಾಲ’ ಯಾರು? ವಿತರಕರ ಲೆಕ್ಕಪತ್ರ. ನಿರ್ದೇಶಕ ಮುರ್ನೌ ಅವರ ರಕ್ತಪಿಶಾಚಿ ಚಿತ್ರ ‘ನೊಸ್ಫೆರಾಟು’ ವಿಷಯದಲ್ಲಿ ಅದು ಜರ್ಮನಿಯ ನ್ಯಾಯಾಲಯ. ‘ಡ್ರಾಕುಲಾ’ ಕಾದಂಬರಿಯ ಹಕ್ಕು ಮೀರಿದ ಕಾರಣಕ್ಕೆ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು 1925ರಲ್ಲಿ ಅಪ್ಪಣೆಯಾಗಿತ್ತು. ಕೆಲವು ತಪ್ಪಿಸಿಕೊಂಡವು, ಅಷ್ಟೇ.

ಮರೆತುಹೋದ ರಕ್ತಪಿಶಾಚಿ ಚಿತ್ರಗಳಲ್ಲಿ ಬಹುಪಾಲು ಮರೆಯಲು ತಕ್ಕವೇ ಇರಬಹುದು. ಆದರೆ ಆ ಮಾತನ್ನು ನೋಡಿದವರು ಹೇಳಬೇಕು. ನೋಡಲು ಪ್ರತಿ ಇರಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಪ್ರತಿ ಈಗ ಇಲ್ಲ. ಅದು ಒಳ್ಳೆಯ ಚಿತ್ರವೋ ಸಾಧಾರಣವೋ ಎಂದು ಜಗಳವಾಡುವ ಅವಕಾಶವೂ ನಮಗಿಲ್ಲ.