ಟಿಕೆಟಿನಲ್ಲಿ ಟರ್ಮಿನಲ್ ನೋಡಿ, ಆಮೇಲೆ ಗಾಡಿ ಹತ್ತಿ

ಹೊಸೂರು: ವಿಮಾನ ಹತ್ತಲು ಬೆಂಗಳೂರಿಗೆ ಹೊರಟವರನ್ನು 'ಎಷ್ಟು ಗಂಟೆಗೆ ಫ್ಲೈಟು?' ಎಂದು ಕೇಳುವುದು ನಮ್ಮ ಊರುಗಳಲ್ಲಿ ವಾಡಿಕೆ. ಈಗ ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ: 'ಎಷ್ಟನೇ ಟರ್ಮಿನಲ್?' ಇದಕ್ಕೆ ಉತ್ತರ ಗೊತ್ತಿಲ್ಲದೆ ಹೊರಟರೆ ದೇವನಹಳ್ಳಿಯಲ್ಲಿ ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಪೆಟ್ಟಿಗೆ ಎಳೆದುಕೊಂಡು ಓಡುವ ಪಾಡು ಬರುತ್ತದೆ. ಕೊಲ್ಲಿ ದೇಶಕ್ಕೆ ದುಡಿಯಲು ಹೋಗುವವನಿಗೆ ವಿಮಾನ ತಪ್ಪಿದರೆ ನಷ್ಟ ಟಿಕೆಟಿನ ದುಡ್ಡಿಗೇ ನಿಲ್ಲುವುದಿಲ್ಲ. ಕೆಲಸಕ್ಕೆ ಸೇರಬೇಕಾದ ದಿನ, ಏಜೆಂಟರಿಗೆ ಕೊಟ್ಟ ಮಾತು, ಮನೆಯವರು ಮಾಡಿದ ಸಾಲ ಎಲ್ಲವೂ ಅಲುಗಾಡುತ್ತವೆ.

'ನೋಡಿಕೊಂಡು ಹೋಗಬೇಕಿತ್ತು' ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ನಿಲ್ದಾಣದ ವ್ಯವಸ್ಥೆಯನ್ನು ಸ್ವಲ್ಪ ಗಮನಿಸಿ ನೋಡಿ. ಅದು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದು ಎಂಬುದು ಗೊತ್ತಾಗುತ್ತದೆ. ಸ್ವಂತ ಕಾರು, ಕೈಯಲ್ಲಿ ಸ್ಮಾರ್ಟ್‌ಫೋನು, ಒಂದೇ ಸೂಟ್‌ಕೇಸು ಇರುವ ನಗರದ ಪ್ರಯಾಣಿಕನಿಗೆ ಅದು ಅನುಕೂಲ. ಬಾಡಿಗೆ ಗಾಡಿಯಲ್ಲಿ ಅಪ್ಪ, ಅಮ್ಮ, ಹೆಂಡತಿ, ಮಕ್ಕಳ ಸಮೇತ ಬಂದಿಳಿಯುವ ಗಡಿಯ ಹಳ್ಳಿಯವನು ಆ ಲೆಕ್ಕದಲ್ಲಿ ಇಲ್ಲ.

ಒಂದು ಬಾಗಿಲು ಎರಡಾದದ್ದು ಹೇಗೆ?

ದೇವನಹಳ್ಳಿಯ ನಿಲ್ದಾಣ ಶುರುವಾದದ್ದು 2008ರ ಮೇ 24ರಂದು. ಅದರೊಂದಿಗೆ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳ ಓಡಾಟ ನಿಂತಿತು. ಹೊಸೂರು, ಬಾಗಲೂರು, ಬೇರಿಗೈ ಕಡೆಯವರಿಗೆ ನಗರದ ಈಚೆ ಬದಿಯಲ್ಲೇ ಸಿಗುತ್ತಿದ್ದ ನಿಲ್ದಾಣ ಊರು ದಾಟಿ ಆಚೆ ತುದಿಗೆ ಹೋಯಿತು. ಆದರೂ ಒಂದು ಸಮಾಧಾನವಿತ್ತು. ದೆಹಲಿಗೆ ಹೋಗಲಿ, ದುಬೈಗೆ ಹೋಗಲಿ, ಇಳಿಯುವ ಜಾಗ ಒಂದೇ ಆಗಿತ್ತು.

ಎರಡನೇ ಟರ್ಮಿನಲ್ ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. 2023ರ ಜನವರಿ 15ರಿಂದ ಅಲ್ಲಿಂದ ದೇಶದೊಳಗಿನ ವಿಮಾನಗಳು ಹಾರತೊಡಗಿದವು. ಅದೇ ವರ್ಷ ಸೆಪ್ಟೆಂಬರ್ 12ರಂದು ವಿದೇಶ ವಿಮಾನಗಳೆಲ್ಲ ಅಲ್ಲಿಗೆ ಸ್ಥಳಾಂತರಗೊಂಡವು. ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಬಳ್ಳಿ ಎಂದು ಅದರ ಅಂದವನ್ನು ಹೊಗಳಿದವರು ಬಹಳ. ಎರಡನೇ ಕಟ್ಟಡ ಬೇಕಾಗಿತ್ತು ಎಂಬುದರಲ್ಲೂ ಅನುಮಾನವಿಲ್ಲ. 2024-25ರ ಒಂದೇ ಹಣಕಾಸು ವರ್ಷದಲ್ಲಿ ಈ ನಿಲ್ದಾಣದ ಮೂಲಕ ಓಡಾಡಿದವರು ನಾಲ್ಕು ಕೋಟಿಗೂ ಹೆಚ್ಚು.

ಯಾವ ವಿಮಾನ ಎಲ್ಲಿಂದ?

ವಿದೇಶಕ್ಕೆ ಹೋಗುವವರು ನೆನಪಿಡಬೇಕಾದದ್ದು ಒಂದೇ ಮಾತು. ಕಂಪನಿ ಯಾವುದೇ ಇರಲಿ, ವಿಮಾನ ಹೊರಡುವುದು ಟರ್ಮಿನಲ್ 2ರಿಂದ. ಗೊಂದಲ ಇರುವುದು ದೇಶದೊಳಗಿನ ಪ್ರಯಾಣದಲ್ಲಿ. ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಸ್ಟಾರ್ ಏರ್ ಟರ್ಮಿನಲ್ 2ನ್ನು ಬಳಸುತ್ತವೆ. ಇಂಡಿಗೋದ ದೇಶೀಯ ವಿಮಾನಗಳು ಮತ್ತು ಆಕಾಸ ಟರ್ಮಿನಲ್ 1ರ ಕಡೆಯವು. ಈ ಹಂಚಿಕೆಯನ್ನು ಕಂಪನಿಗಳು ಆಗಾಗ ಬದಲಿಸುವುದೂ ಉಂಟು. ಆದ್ದರಿಂದ ಹೋದ ವರ್ಷ ಅಣ್ಣ ಎಲ್ಲಿ ಇಳಿದ, ಪಕ್ಕದ ಮನೆಯವರು ಎಲ್ಲಿ ಹತ್ತಿದರು ಎಂಬ ಲೆಕ್ಕ ಬೇಡ. ನಿಮ್ಮ ಟಿಕೆಟಿನಲ್ಲಿ ಏನಿದೆಯೋ ಅದೇ ಪ್ರಮಾಣ.

ಇಂಡಿಗೋ ಟಿಕೆಟು ಕೈಯಲ್ಲಿದ್ದವರು ಇನ್ನಷ್ಟು ಎಚ್ಚರವಾಗಿರಬೇಕು. ಕಂಪನಿ ಒಂದೇ, ಬಾಗಿಲು ಎರಡು. ಮಗ ಹೈದರಾಬಾದಿಗೆ ಹೋದರೆ ಟರ್ಮಿನಲ್ 1, ಅದೇ ಕಂಪನಿಯ ವಿಮಾನದಲ್ಲಿ ದುಬೈಗೆ ಹೋದರೆ ಟರ್ಮಿನಲ್ 2. ಬೇರೆ ಊರಿನಿಂದ ಟರ್ಮಿನಲ್ 1ಕ್ಕೆ ಬಂದಿಳಿದು ವಿದೇಶ ವಿಮಾನ ಹಿಡಿಯುವವರು ಟರ್ಮಿನಲ್ 2ಕ್ಕೆ ದಾಟಬೇಕು. ಎರಡೂ ಪ್ರಯಾಣಕ್ಕೆ ಬೇರೆ ಬೇರೆ ಟಿಕೆಟು ತೆಗೆಸಿದ್ದರೆ ಸಾಮಾನನ್ನು ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಎರಡು ಕಟ್ಟಡಗಳ ನಡುವೆ ಪುಕ್ಕಟೆ ಶಟಲ್ ಬಸ್ಸು ಓಡುತ್ತದೆ, ನಿಜ. ಆದರೆ ಆ ಬಸ್ಸಿಗೆ ಕಾಯುವ ಹೊತ್ತು, ಹತ್ತಿ ಇಳಿಯುವ ಹೊತ್ತು, ಬಾಗಿಲಲ್ಲಿ ಮತ್ತೆ ಟಿಕೆಟು ಮತ್ತು ಗುರುತಿನ ಚೀಟಿ ತೋರಿಸುವ ಹೊತ್ತು ಸೇರಿದರೆ ಅರ್ಧ ಗಂಟೆ ಹೋಗುವುದು ದೊಡ್ಡದಲ್ಲ.

ಆ ಅರ್ಧ ಗಂಟೆಗೆ ಬೆಲೆ ಇದೆ. ದೇಶದೊಳಗಿನ ವಿಮಾನಕ್ಕೆ ಸಾಮಾನು ತೆಗೆದುಕೊಳ್ಳುವ ಕೌಂಟರು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ವಿದೇಶದ್ದಾದರೆ ಇನ್ನೂ ಬೇಗ ಮುಚ್ಚಬಹುದು. ವಿಮಾನ ಇನ್ನೂ ಅಲ್ಲೇ ನಿಂತಿದ್ದರೂ ಕೌಂಟರು ಮುಚ್ಚಿದ ಮೇಲೆ ಬಂದವನಿಗೆ ಅದು ಹೊರಟುಹೋದಂತೆಯೇ.

ದಿನಾಂಕದ ಇನ್ನೊಂದು ಬಲೆಯೂ ಇದೆ. ಕೊಲ್ಲಿಗೆ ಹೋಗುವ ಎಷ್ಟೋ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹಾರುತ್ತವೆ. ಟಿಕೆಟಿನಲ್ಲಿ '15ನೇ ತಾರೀಖು, 1.30' ಎಂದಿದ್ದರೆ 14ರ ಸಂಜೆಯೇ ಮನೆ ಬಿಡಬೇಕು. 15ರ ಸಂಜೆ ಹೊರಟರೆ ವಿಮಾನ ಹೋಗಿ ಆಗಲೇ ಮುಕ್ಕಾಲು ದಿನ ಕಳೆದಿರುತ್ತದೆ.

ರಸ್ತೆಯ ಲೆಕ್ಕ

ಹೊಸೂರಿನಿಂದ ನಿಲ್ದಾಣಕ್ಕೆ ಸುಮಾರು 75-80 ಕಿಲೋಮೀಟರು. ಅತ್ತಿಬೆಲೆ, ಸಿಲ್ಕ್ ಬೋರ್ಡ್, ಹೆಬ್ಬಾಳ ದಾಟಿ ಹೋಗುವ ದಾರಿಯಲ್ಲಿ ಕಿಲೋಮೀಟರಿಗಿಂತ ಗಡಿಯಾರವೇ ಮುಖ್ಯ. ನಡುರಾತ್ರಿಯಲ್ಲಿ ಸಲೀಸಾದ ದಾರಿ ಸಂಜೆ ಆರಕ್ಕೆ ಮೂರು ಗಂಟೆ ತಿನ್ನಬಹುದು. ನಗರವೇ ಬೇಡವೆನ್ನುವವರು ಬಾಗಲೂರು, ಮಾಲೂರು, ಹೊಸಕೋಟೆ ಮೇಲೆ ದೇವನಹಳ್ಳಿಗೆ ಹೋಗುತ್ತಾರೆ. ಫೋನಿನ ಮ್ಯಾಪನ್ನು ನಂಬಿ ಹೋಗುವವರಿಗೆ ಒಂದು ಮಾತು: ನಮ್ಮ ಬಾಗಲೂರು ಒಂದು, ವಿಮಾನ ನಿಲ್ದಾಣದ ಮಗ್ಗುಲಲ್ಲಿ ಬೆಂಗಳೂರು ಉತ್ತರದ ಬಾಗಲೂರು ಇನ್ನೊಂದು. ಹೆಸರು ಒಂದೇ ಎಂದು ಗಾಡಿ ತಿರುಗಿಸಿಬಿಡಬೇಡಿ.

ಬಸ್ಸಿನವರಿಗೆ ಎಲೆಕ್ಟ್ರಾನಿಕ್ ಸಿಟಿಯಿಂದ ಬಿಎಂಟಿಸಿಯ ವಾಯು ವಜ್ರ ಇದೆ, ಅದರ ನಂಬರು ಕೆಐಎ-8. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಬಂದ ಮೆಟ್ರೋದ ಹಳದಿ ಮಾರ್ಗ ಸಿಲ್ಕ್ ಬೋರ್ಡ್ ಜಂಜಾಟವನ್ನು ತಪ್ಪಿಸುತ್ತದೆ. ಆದರೆ ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಹೋಗಬೇಕಾದ ನೀಲಿ ಮಾರ್ಗದ ಕೆಲಸ ಮುಗಿಯುವ ತನಕ ಪೆಟ್ಟಿಗೆ ಹೊತ್ತ ಸಂಸಾರಕ್ಕೆ ಬಾಡಿಗೆ ಗಾಡಿಯೇ ಗತಿ. ಮಡಕಶಿರಾ, ಹಿಂದೂಪುರ ಕಡೆಯವರಿಗೆ ಈ ಒಂದು ವಿಷಯದಲ್ಲಿ ಅದೃಷ್ಟವಿದೆ. ಅವರಿಗೆ ನಗರಕ್ಕೆ ಕಾಲಿಡುವ ಮೊದಲೇ ನಿಲ್ದಾಣ ಸಿಗುತ್ತದೆ.

ಬಿಳಿ ಬೋರ್ಡಿಗೆ ಒಂದು, ಹಳದಿ ಬೋರ್ಡಿಗೆ ಒಂದು

ನಮ್ಮವರಿಗೆ ಹೆಚ್ಚು ತಟ್ಟುವುದು ಪಾರ್ಕಿಂಗ್ ವಿಷಯ. ಬಂದವರನ್ನು ಕರೆದುಕೊಂಡು ಹೋಗುವ ಜಾಗದಲ್ಲಿ ವಾಹನ ನಿಂತರೆ ಹಣ ಕೇಳುವ ಪದ್ಧತಿಯನ್ನು 2024ರ ಮೇ ತಿಂಗಳಲ್ಲಿ ತಂದಿದ್ದರು. ಟ್ಯಾಕ್ಸಿ ಚಾಲಕರು ತಿರುಗಿಬಿದ್ದ ಮೇಲೆ ಅದನ್ನು ಕೈಬಿಟ್ಟರು. 2025ರ ಡಿಸೆಂಬರ್ 8ರಿಂದ ಅದು ಬೇರೆ ರೂಪದಲ್ಲಿ ಬಂತು. ಆಗ ಪ್ರಕಟವಾದ ನಿಯಮ ಹೀಗಿತ್ತು: ಬಿಳಿ ಬೋರ್ಡಿನ ಸ್ವಂತ ಕಾರುಗಳಿಗೆ ಬಾಗಿಲ ಮುಂದೆ ಮೊದಲ 8 ನಿಮಿಷ ಪುಕ್ಕಟೆ. 13 ನಿಮಿಷದವರೆಗೆ ನಿಂತರೆ 150 ರೂಪಾಯಿ, 18 ನಿಮಿಷದವರೆಗೆ 300 ರೂಪಾಯಿ. ಅದನ್ನೂ ಮೀರಿದರೆ ಗಾಡಿಯನ್ನು ಎಳೆದೊಯ್ಯುತ್ತಾರೆ. ಹಳದಿ ಬೋರ್ಡಿನ ವಾಹನಗಳಿಗೆ ಬಾಗಿಲ ಮುಂದೆ ಜಾಗವೇ ಇಲ್ಲ. ಅವು ಗೊತ್ತುಪಡಿಸಿದ ಪಾರ್ಕಿಂಗಿಗೆ ಹೋಗಿ ನಿಲ್ಲಬೇಕು. ಬಂದಿಳಿದವರು ಅಲ್ಲಿಗೆ ತಾವೇ ನಡೆದು ಬರಬೇಕು.

ವಾಹನ ಸಾಲುಗಟ್ಟುವುದನ್ನು ತಡೆಯಬೇಕು ಎಂಬ ನಿಲ್ದಾಣದವರ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಒಬ್ಬ ನಿಂತರೆ ಹಿಂದೆ ಐವತ್ತು ಜನ ನಿಲ್ಲಬೇಕಾಗುತ್ತದೆ. ಆದರೆ ಹಳದಿ ಬೋರ್ಡು ಎಂದರೆ ಆಪ್ ಒತ್ತಿದ ಕೂಡಲೇ ಬರುವ ನಗರದ ಟ್ಯಾಕ್ಸಿ ಒಂದೇ ಅಲ್ಲ. ಕಾರಿಲ್ಲದ ಹಳ್ಳಿಯ ಮನೆಯವರು ಪರ್ಮಿಟ್ಟಿನ ಖರ್ಚೂ ಸೇರಿಸಿ ಕೊಟ್ಟು, ರಾಜ್ಯದ ಗಡಿ ದಾಟಿಸಿ ತರುವ ಗಾಡಿಯೂ ಹಳದಿ ಬೋರ್ಡಿನದೇ. ಹಾಗಾದರೆ ನಿಯಮದ ಅರ್ಥ ಏನಾಯಿತು? ಕಾರಿದ್ದವನ ಅಮ್ಮ ಬಾಗಿಲಲ್ಲೇ ಕಾರು ಹತ್ತಬಹುದು, ಕಾರಿಲ್ಲದವನ ಅಮ್ಮ ಮಂಡಿ ನೋವಿನಲ್ಲಿ ಪಾರ್ಕಿಂಗಿನ ತನಕ ನಡೆಯಬೇಕು.

ಇದರಿಂದ ಇನ್ನೊಂದು ಅಪಾಯವೂ ಇದೆ. ಬಾಗಿಲ ತನಕ ಬರಬಹುದು, ಬಾಡಿಗೆಯೂ ಕಡಿಮೆ ಎಂದು ಜನ ಬಿಳಿ ಬೋರ್ಡಿನ ಗಾಡಿಯನ್ನೇ ಕದ್ದುಮುಚ್ಚಿ ಬಾಡಿಗೆಗೆ ಹಿಡಿಯಲು ಮನಸ್ಸು ಮಾಡುತ್ತಾರೆ. ಸ್ವಂತಕ್ಕೆಂದು ನೋಂದಾಯಿಸಿದ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ದಾರಿಯಲ್ಲಿ ಅಪಘಾತವಾದರೆ ವಿಮೆಯ ಹಣಕ್ಕೆ ತಕರಾರು ಬರುತ್ತದೆ. ನೂರಿನ್ನೂರು ಉಳಿಸಲು ಹೋಗಿ ಸಂಸಾರವನ್ನೇ ಪಣಕ್ಕಿಟ್ಟಂತಾಗುತ್ತದೆ. ನ್ಯಾಯವಾಗಿ ತೆರಿಗೆ ಕಟ್ಟಿ ಹಳದಿ ಬೋರ್ಡು ಹಾಕಿಕೊಂಡ ನಮ್ಮ ಊರಿನ ಚಾಲಕನ ಹೊಟ್ಟೆಯ ಮೇಲೂ ಹೊಡೆತ ಬೀಳುತ್ತದೆ.

ಸದ್ಯಕ್ಕೆ ನಾವು ಮಾಡಬಹುದಾದದ್ದು ಇಷ್ಟು. ಬಂದಿಳಿದವರು ಸಾಮಾನು ಕೈಗೆ ಬಂದು ಹೊರಗೆ ಕಾಲಿಟ್ಟ ಮೇಲೆಯೇ ಫೋನು ಮಾಡಲಿ, ಗಾಡಿ ಅಲ್ಲಿಯತನಕ ದೂರದಲ್ಲಿ ನಿಂತಿರಲಿ. ಫೋನಿನಲ್ಲಿ 'ಬಂದೆ' ಎಂದರೆ ಸಾಲದು, ಟರ್ಮಿನಲ್ಲಿನ ಅಂಕಿ ಮತ್ತು ಎದುರಿಗೆ ಕಾಣುವ ಕಂಬದ ನಂಬರು ಹೇಳಬೇಕು. ಪುಕ್ಕಟೆ ಎಷ್ಟು ನಿಮಿಷ, ದರ ಎಷ್ಟು ಎಂಬುದನ್ನು ಅಂದಿನ ಫಲಕದಲ್ಲೇ ಓದಿಕೊಳ್ಳಿ. ನಡೆಯಲಾಗದ ಹಿರಿಯರಿದ್ದರೆ ಟಿಕೆಟು ತೆಗೆಸುವಾಗಲೇ ಗಾಲಿಕುರ್ಚಿ ಬೇಕೆಂದು ಬರೆಸಿ.

ಓದಲು ಬಾರದ ಅಕ್ಷರ

ನಿಲ್ದಾಣದ ಫಲಕಗಳು ಕನ್ನಡ, ಇಂಗ್ಲಿಷಿನಲ್ಲಿವೆ. ಕರ್ನಾಟಕದ ನಿಲ್ದಾಣದಲ್ಲಿ ಕನ್ನಡ ಇರಲೇಬೇಕು, ಅದು ನಮಗೂ ಹೆಮ್ಮೆಯೇ. ಆದರೆ ಹೊಸೂರು, ತಾಳವಾಡಿ ಕಡೆಯ ಮನೆಗಳ ಒಳಗಿನ ಕತೆ ಬೇರೆ. ಕನ್ನಡ ಶಾಲೆಯಲ್ಲಿ ಓದಿದ ಅಜ್ಜನಿಗೆ ಫಲಕ ಓದಲು ಬರುತ್ತದೆ, ಆದರೆ ಟಿಕೆಟು ಫೋನಿನಲ್ಲಿ ಇಂಗ್ಲಿಷಿನಲ್ಲಿರುತ್ತದೆ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಶಾಲೆಗೆ ಹೋದ ಮೊಮ್ಮಕ್ಕಳಲ್ಲಿ ಎಷ್ಟೋ ಜನಕ್ಕೆ ಮನೆಮಾತು ಕನ್ನಡವಾದರೂ ಅಕ್ಷರ ಬಾರದು. ಹೀಗೆ ಒಂದೇ ಗಾಡಿಯಲ್ಲಿ ಹೋದ ಅಜ್ಜ ಮೊಮ್ಮಗ ಇಬ್ಬರೂ ಸೇರಿದರೆ ಮಾತ್ರ ಒಂದು ಟಿಕೆಟು, ಒಂದು ಫಲಕ ಪೂರ್ತಿ ಓದಿದಂತೆ. ಒಬ್ಬನೇ ಹೋದವನ ಗತಿಯೇನು?

ಅಂಕಿ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ. 1, 2 ಎಂಬ ಅಂಕಿಗಳನ್ನು ದೊಡ್ಡದಾಗಿ, ಬೇರೆ ಬೇರೆ ಬಣ್ಣದಲ್ಲಿ, ಹೆದ್ದಾರಿ ಬಿಡುವ ತಿರುವಿನಿಂದಲೇ ಮತ್ತೆ ಮತ್ತೆ ತೋರಿಸಿದರೆ ಯಾವ ಭಾಷೆಯವನೂ ದಾರಿ ತಪ್ಪಲಾರ.

ಹೊಸೂರಿಗೇ ನಿಲ್ದಾಣ ಬಂದರೆ?

'ಇನ್ನೇನು, ನಮ್ಮಲ್ಲೇ ವಿಮಾನ ನಿಲ್ದಾಣ ಆಗುತ್ತಲ್ಲ' ಎನ್ನುವವರಿದ್ದಾರೆ. ಹೊಸೂರಿನಲ್ಲಿ 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರಿಗಾಗಿ ನಿಲ್ದಾಣ ಕಟ್ಟುವುದಾಗಿ ತಮಿಳುನಾಡಿನ ಅಂದಿನ ಸರ್ಕಾರ 2024ರ ಜೂನ್ 27ರಂದು ವಿಧಾನಸಭೆಯಲ್ಲಿ ಪ್ರಕಟಿಸಿದ್ದು ನಿಜ. ಆದರೆ ಬೆಂಗಳೂರು ನಿಲ್ದಾಣದ ಒಪ್ಪಂದದಲ್ಲಿ ಒಂದು ಕಟ್ಟು ಇದೆ. ಅದು ಆರಂಭವಾಗಿ 25 ವರ್ಷ ತುಂಬುವ ತನಕ, ಅಂದರೆ 2033ರವರೆಗೆ, ಮೈಸೂರು ಮತ್ತು ಹಾಸನ ಬಿಟ್ಟು 150 ಕಿಲೋಮೀಟರಿನೊಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶವಿಲ್ಲ. ಭೂಮಿ ಯಾರದು ಹೋಗುತ್ತದೆ ಎಂಬ ಪ್ರಶ್ನೆ ಬೇರೆ ಇದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿ ಪ್ರಯೋಜನವಿಲ್ಲ. ಇನ್ನೂ ಬಹಳ ವರ್ಷ ನಮ್ಮ ಮಕ್ಕಳು ಹತ್ತಿ ಇಳಿಯುವುದು ದೇವನಹಳ್ಳಿಯಲ್ಲೇ.

ಅದೇ ಒಪ್ಪಂದವನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಸುತ್ತಲಿನ 150 ಕಿಲೋಮೀಟರಿನಲ್ಲಿ ಬೇರೆ ನಿಲ್ದಾಣ ಬೇಡ ಎಂದು ಬರೆಸಿಕೊಂಡವರು ಆ 150 ಕಿಲೋಮೀಟರಿನ ಜನರೆಲ್ಲ ತಮ್ಮ ಪ್ರಯಾಣಿಕರೇ ಎಂದು ಒಪ್ಪಿಕೊಂಡಂತಾಯಿತು. ಆ ವೃತ್ತದೊಳಗೆ ಹೊಸೂರೂ ಇದೆ, ಮಡಕಶಿರವೂ ಇದೆ. ಗಡಿಯಾಚೆಯವರ ಟಿಕೆಟಿನ ದುಡ್ಡು ಬೇಕು, ಅವರ ಕಷ್ಟ ಮಾತ್ರ ಬೇರೆ ರಾಜ್ಯದ್ದು ಎಂದರೆ ಹೇಗೆ?

ಕೇಳುವುದು ದೊಡ್ಡದೇನೂ ಅಲ್ಲ. ಹಿರಿಯರು, ಮಕ್ಕಳನ್ನು ಕರೆದೊಯ್ಯುವ ಹಳದಿ ಬೋರ್ಡಿನ ಗಾಡಿಗೂ ಬಾಗಿಲ ಮುಂದೆ ಆ 8 ನಿಮಿಷ ಕೊಡಲಿ. ಹೊಸೂರಿನ ಬಸ್ ನಿಲ್ದಾಣದಿಂದ ವಿಮಾನಗಳ ವೇಳೆಗೆ ಹೊಂದುವಂತೆ ನೇರ ಬಸ್ಸು ಹೆಚ್ಚು ಓಡಿಸಲು ಎರಡೂ ರಾಜ್ಯಗಳ ಸಾರಿಗೆಯವರು ಕೂತು ಮಾತಾಡಲಿ. ಟಿಕೆಟು ಮಾಡಿಕೊಡುವ ನಮ್ಮ ಊರಿನ ಏಜೆಂಟರು ಕಾಗದದ ತಲೆಯ ಮೇಲೆ ಟರ್ಮಿನಲ್ಲಿನ ಅಂಕಿಯನ್ನು ದೊಡ್ಡದಾಗಿ ಬರೆದುಕೊಡಲಿ. ಈ ಕೊನೆಯದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಡ, ಒಂದು ಪೆನ್ನು ಸಾಕು.