ಖಾಲಿ ಜಾಗದ ನಡುಕ

1979ರಲ್ಲಿ ಅಮೆರಿಕದ ಪತ್ರಿಕೆಗಳ ತುಂಬ ಹಣದುಬ್ಬರದ್ದೇ ಮಾತು. ಅದೇ ಡಿಸೆಂಬರಿನಲ್ಲಿ ಸ್ಟ್ಯಾನ್‌ಫರ್ಡ್‌ನ ಕಣವೇಗವರ್ಧಕ ಕೇಂದ್ರದಲ್ಲಿದ್ದ ಅಲನ್ ಗೂಥ್, ವಿಶ್ವಕ್ಕೂ ಒಮ್ಮೆ ಉಬ್ಬರ ಬಂದಿತ್ತು ಎಂದು ಲೆಕ್ಕ ಹಾಕಿದರು. ಆಗ ಅವರಿಗೆ 32 ವರ್ಷ; ಕಾಯಂ ನೌಕರಿ ಇರಲಿಲ್ಲ. ವಿಶ್ವದ ಉಬ್ಬರಕ್ಕೂ 'ಇನ್‌ಫ್ಲೇಷನ್' ಎಂಬ ಪೇಟೆಯ ಹೆಸರೇ ಅಂಟಿಕೊಂಡಿತು.

ಇಂಥದೊಂದು ಉಬ್ಬರ ಯಾಕೆ ಬೇಕಿತ್ತು? ಆಕಾಶದ ಯಾವ ಮೂಲೆಗೆ ರೇಡಿಯೋ ದೂರದರ್ಶಕ ತಿರುಗಿಸಿದರೂ ಮಹಾಸ್ಫೋಟದ ಅಳಿದುಳಿದ ಕಾವು ಒಂದೇ ಸಮ: ಪರಮಶೂನ್ಯಕ್ಕಿಂತ 2.7 ಡಿಗ್ರಿ ಮೇಲೆ. ಆದರೆ ಹಳೆಯ ಲೆಕ್ಕದ ಪ್ರಕಾರ, ಈ ಕಾವು ಹೊರಟಾಗ ಬಾನಿನ ಎದುರುಬದುರು ತುದಿಗಳ ನಡುವೆ ಬೆಳಕು ಕೂಡ ಹೋಗಿ ಮುಟ್ಟಿರಲಿಲ್ಲ. ಬೇರೆ ಬೇರೆ ಊರಿನ ಇಬ್ಬರು ವಿದ್ಯಾರ್ಥಿಗಳ ಉತ್ತರಪತ್ರಿಕೆ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ಮೇಷ್ಟರಿಗೆ ಏನನ್ನಿಸುತ್ತದೆ? ಮೊದಲೇ ಎಲ್ಲೋ ಕೂಡಿದ್ದರು ಎಂದು. ಗೂಥ್ ಹೇಳಿದ್ದೂ ಅದನ್ನೇ. ಆ ತುದಿಗಳು ಒಂದು ಕಾಲಕ್ಕೆ ಮಗ್ಗುಲಲ್ಲೇ ಇದ್ದವು. ಉಬ್ಬರ ಅವನ್ನು ದೂರ ಒಯ್ಯಿತು. ದಶಾಂಶ ಬಿಂದುವಿನ ಮುಂದೆ 34 ಸೊನ್ನೆ ಹಾಕಿ 1 ಬರೆದರೆ ಎಷ್ಟು ಸೆಕೆಂಡೋ, ಹೆಚ್ಚುಕಡಿಮೆ ಅಷ್ಟರೊಳಗೆ ವಿಶ್ವ ಒಮ್ಮೆ ಇಮ್ಮಡಿ. ಹೀಗೆ ಸುಮಾರು 90 ಬಾರಿ ಆದರೆ ಸಾಕು. ಚದುರಂಗದ 64 ಮನೆಗಳಿಗೆ ಕಾಳು ಇಮ್ಮಡಿಸಲು ಹೋದ ರಾಜನ ಕಥೆ ಗೊತ್ತಿದ್ದವರಿಗೆ ಇದರ ಅಂದಾಜು ಸಿಗುತ್ತದೆ.

ಗೂಥರ ಮೊದಲ ಲೆಕ್ಕದಲ್ಲಿ ಉಬ್ಬರ ಸರಿಯಾಗಿ ನಿಲ್ಲುತ್ತಿರಲಿಲ್ಲ. ಮಾಸ್ಕೋದಲ್ಲಿ ಆಂದ್ರೇ ಲಿಂಡೆ, ಅಮೆರಿಕದಲ್ಲಿ ಆಲ್‌ಬ್ರೆಕ್ಟ್ ಮತ್ತು ಸ್ಟೈನ್‌ಹಾರ್ಟ್ ಅದನ್ನು ತಿದ್ದಿದರು. ಅದಕ್ಕಿಂತ ಸೋಜಿಗದ ಸಂಗತಿ ಬೇರೆ ಇದೆ. ಎಲ್ಲವೂ ಅಷ್ಟು ಸಮವಾಗಿದ್ದರೆ ಗೆಲಾಕ್ಸಿಗಳು ಹುಟ್ಟಿದ್ದೆಲ್ಲಿಂದ?

ಇಲ್ಲಿ ಕ್ವಾಂಟಂ ಕ್ಷೇತ್ರ ಸಿದ್ಧಾಂತ ಬರುತ್ತದೆ. ಅದರ ಪ್ರಕಾರ ಖಾಲಿ ಜಾಗ ಖಾಲಿಯಲ್ಲ. ಎಲ್ಲೆಡೆ ಕ್ಷೇತ್ರಗಳು ಹಾಸಿಕೊಂಡಿವೆ. ಎಲೆಕ್ಟ್ರಾನ್ ಎಂಬುದು ಅಂಥದೊಂದು ಕ್ಷೇತ್ರದಲ್ಲೆದ್ದ ಅಲೆ. ಅಲೆಯೇ ಇಲ್ಲದಾಗಲೂ ಕ್ಷೇತ್ರ ಪೂರಾ ಸ್ತಬ್ಧವಾಗದು, ಅನಿಶ್ಚಿತತೆಯ ನಿಯಮ ಅದಕ್ಕೆ ಬಿಡುವುದಿಲ್ಲ. ಆ ನಡುಕ ಸಾಮಾನ್ಯವಾಗಿ ಎದ್ದಲ್ಲೇ ಅಡಗುತ್ತದೆ. ಉಬ್ಬರದ ವೇಳೆ ಹಾಗಾಗಲಿಲ್ಲ. ಅಡಗುವ ಮೊದಲೇ ಹಿಗ್ಗಿ, ಹೆಪ್ಪುಗಟ್ಟಿ, ಕಡೆಗೆ ಇಲ್ಲಿ ತುಸು ದಟ್ಟ, ಅಲ್ಲಿ ತುಸು ತೆಳು ಎಂಬ ವ್ಯತ್ಯಾಸವಾಗಿ ಉಳಿಯಿತು. ದಟ್ಟವಿದ್ದೆಡೆ ಗುರುತ್ವ ದ್ರವ್ಯವನ್ನು ಸೆಳೆದು ಗುಡ್ಡೆ ಹಾಕಿತು. ಮುಖಾನೊವ್ ಮತ್ತು ಚಿಬಿಸೊವ್ 1981ರಲ್ಲೇ ಈ ಜಾಡು ಹಿಡಿದಿದ್ದರು; ಮರುವರ್ಷ ಕೇಂಬ್ರಿಜ್‌ನಲ್ಲಿ ಹಾಕಿಂಗ್, ಸ್ಟಾರೊಬಿನ್‌ಸ್ಕಿ, ಗೂಥ್ ಮೊದಲಾದವರು ವಾರಗಟ್ಟಲೆ ಜಗ್ಗಾಡಿ ಒಂದೇ ಉತ್ತರಕ್ಕೆ ಬಂದರು. 1992ರಲ್ಲಿ ಕೋಬೆ ಉಪಗ್ರಹ ಆ ಕಾವಿನಲ್ಲಿ ಲಕ್ಷಕ್ಕೊಂದು ಪಾಲಿನಷ್ಟು ಏರುಪೇರು ಕಂಡಿತು. ಮುಂದೆ ಪ್ಲಾಂಕ್ ಉಪಗ್ರಹ ಅಳೆದ ವಿನ್ಯಾಸವೂ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದಿತು.

ಆದರೂ ಒಂದು ಸಾಕ್ಷಿ ಬಾಕಿ. ಅದೇ ಉಬ್ಬರ ಗುರುತ್ವದ ಅಲೆಗಳನ್ನೂ ಎಬ್ಬಿಸಿರಬೇಕು. 2014ರ ಮಾರ್ಚ್‌ನಲ್ಲಿ ದಕ್ಷಿಣ ಧ್ರುವದ ಬೈಸೆಪ್-2 ದೂರದರ್ಶಕದ ತಂಡ ಅವುಗಳ ಗುರುತು ಸಿಕ್ಕಿತೆಂದು ಸಾರಿತು. ತಂಡದವರೊಬ್ಬರು ಲಿಂಡೆಯವರ ಮನೆ ಬಾಗಿಲು ತಟ್ಟಿ ಸುದ್ದಿ ಹೇಳಿದರು, ಶಾಂಪೇನ್ ಬಾಟಲಿ ತೆರೆಯಿತು. 2015ರ ಜನವರಿಯ ಹೊತ್ತಿಗೆ, ಕಂಡ ಗುರುತನ್ನು ವಿವರಿಸಲು ನಮ್ಮದೇ ಆಕಾಶಗಂಗೆಯ ದೂಳೇ ಸಾಕೆಂದು ಪ್ಲಾಂಕ್‌ನವರ ಜತೆ ಕೂತು ಅದೇ ತಂಡ ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡತನವೇ ಸರಿ.

ಸಿದ್ಧಾಂತವನ್ನು ಕಟ್ಟಿದವರಲ್ಲೊಬ್ಬರಾದ ಸ್ಟೈನ್‌ಹಾರ್ಟ್ ಈಗ ಅದರ ಕಟು ಟೀಕಾಕಾರ. ಯಾವ ಫಲಿತಾಂಶ ಬಂದರೂ ಹೊಂದಿಸಿಕೊಳ್ಳಬಲ್ಲ ಸಿದ್ಧಾಂತಕ್ಕೆ ಪರೀಕ್ಷೆ ಎಲ್ಲಿಯದು ಎಂಬುದು ಅವರ ತಕರಾರು. ಆದರೆ ಬೈಸೆಪ್ ಬಳಗ 2021ರಲ್ಲಿ ಕೊಟ್ಟ ಇನ್ನೂ ಸೂಕ್ಷ್ಮ ಅಳತೆಯಲ್ಲೂ ಆ ಅಲೆಗಳು ಕಾಣಲಿಲ್ಲ. ಪುಸ್ತಕಗಳಲ್ಲಿ ಮೊದಲು ಬರುವ ಕೆಲವು ಸರಳ ಮಾದರಿಗಳು ಅಷ್ಟಕ್ಕೇ ಮೂಲೆಗುಂಪಾದವು.